ಕಪ್ಪು ಬಿಳುಪಿನ ಕೊನೇ ಡಬ್ಬಿ

ಸ್ಟುಡಿಯೋ ಇಟ್ಟ ಮೇಲೆ ಗೊತ್ತಾಯ್ತು ನೋಡ್ರಿ. ಕ್ಯಾಮೆರಾ ಮುಂದೆ ಕೂತೋನಿಗೆ "ಸ್ವಲ್ಪ ನಗ್ರೀ ಸ್ವಾಮಿ" ಅಂತ ಎಷ್ಟು ಬೇಡಿಕೊಂಡರೂ ನಗಲ್ಲ. ಎದ್ದು ಬಾಗಿಲು ದಾಟೋದರೊಳಗೆ ನಮ್ಮನ್ನ ನಗಿಸೋ ಒಂದು ಕೆಲಸ ಮಾತ್ರ ಮಾಡೇ ಹೋಗ್ತಾನೆ. ಆಗ ನನಗೆ ನಗು ಬರ್ತಿರಲಿಲ್ಲ, ಸಿಟ್ಟು ಬರ್ತಿತ್ತು. ಮೂಗಿನ ತುದೀಲೇ ಇತ್ತು ಸಿಟ್ಟು. ಈಗ ನೆನೆಸಿಕೊಂಡು ನಗ್ತೀನಿ.

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಸ್ಟುಡಿಯೋ. ಪಕ್ಕದಲ್ಲೇ ಫೋಟೋಗೆ ಕಟ್ಟು ಹಾಕೋ ಸಾಹೇಬ್ರ ಅಂಗಡಿ. ಎಪ್ಪತ್ತರ ದಶಕದ ಮಾತು. ನಮ್ಮಂಥ ಸಣ್ಣ ಊರಿನ ಫೋಟೋದವರೆಲ್ಲ ಬಳಸ್ತಿದ್ದದ್ದು ಸಿನಿಮಾ ರೀಲನ್ನೇ. ಸಿನಿಮಾದವರು ಶೂಟಿಂಗಿಗೆ ದೊಡ್ಡ ದೊಡ್ಡ ಸುರುಳಿ ತಗೊಳ್ತಾರಲ್ಲ, ಅದರಲ್ಲಿ ಕೊನೆಗೆ ಉಳಿಯೋ ತುಂಡುಗಳನ್ನ ಬೆಂಗಳೂರಿನ ಒಬ್ಬ ಏಜೆಂಟ್ ತಗಡಿನ ಡಬ್ಬಿಗೆ ಹಾಕಿ ಮಾರ್ತಿದ್ದ. ನಮ್ಮ ಸಣ್ಣ ಕ್ಯಾಮೆರಾದ ರೋಲಿನ ಅಗಲವೂ ಅದೇ. ಮನೆಯಲ್ಲೇ ಮಾಡಿಕೊಂಡಿದ್ದ ಕತ್ತಲೆ ಕೋಣೆಯಲ್ಲಿ ಕೂತು, ಹೂವಿನವಳು ಮಾಲೆ ಅಳೆದಂಗೆ ಮೊಳ ಹಾಕಿ ಕತ್ತರಿಸಿ, ಖಾಲಿ ರೋಲಿಗೆ ಸುತ್ತಿಕೊಂಡರೆ ಮುಗೀತು. ಬೆಳಕು ಮಾತ್ರ ಬೀಳಬಾರದು. ಬಿತ್ತೋ, ತೊಳೆದಾಗ ಅಷ್ಟೂ ಕರ್ರಗೆ ಬರ್ತದೆ. ಆ ಕಪ್ಪು ಬಿಳುಪು ತುಂಡಿನ ಮೇಲೇ ನನ್ನ ಮನೆ ನಡೀತಿತ್ತು. ಮನೆಯವಳು, ಇಬ್ಬರು ಮಕ್ಕಳು, ನಮ್ಮವ್ವ, ಎಲ್ಲರ ಅನ್ನವೂ ಆ ಡಬ್ಬಿಯೊಳಗೇ ಇತ್ತು ಅನ್ನಿ.

ಹೀರೋಗೆ ಹಾಕಿದ ರೀಲು

ಒಂದು ದಿನ ಅಡಿಕೆ ಮಂಡಿಯ ಗುಮಾಸ್ತನೊಬ್ಬ ಬಂದ. ಹೆಣ್ಣಿನ ಮನೆಗೆ ಕಳಿಸಾಕೆ ಫೋಟೋ ಬೇಕಾಗಿತ್ತು. ತಲೆಗೆ ಎಣ್ಣೆ ಹಚ್ಚಿ, ಹಣೆಯ ಮೇಲೆ ಒಂದು ಗುಂಗುರು ಕೂದಲು ಇಳಿಬಿಟ್ಟುಕೊಂಡು ಕೂತ. ನಾನು ರೋಲು ಹಾಕೋದನ್ನೇ ನೋಡಿ ಕೇಳಿದ:

"ಇದು ಸಿನಿಮಾ ರೀಲಂತೆ, ಹೌದೇನ್ರೀ?"

"ಹೌದು."

"ಯಾವ ಸಿನಿಮಾದ್ದು?"

"ನನಗೇನು ಗೊತ್ತು? ಉಳಿದಿದ್ದ ತುಂಡು. ಅದರ ಮೇಲೆ ಏನೂ ತೆಗೆದಿರಲ್ಲ."

"ಆದ್ರೂ ಇದರ ಹಿಂದಿನ ತುಂಡಿನಾಗೆ ಯಾರನ್ನಾದ್ರೂ ತೆಗೆದಿರ್ತಾರಲ್ಲ. ಹೀರೋನ ತೆಗೆದಿದ್ದು ಇದ್ರೆ ಹಾಕ್ರಿ. ಫೈಟಿಂಗಿನದು ಬ್ಯಾಡ, ಹಾಡಿನದು ಹಾಕ್ರಿ."

ಇಂಥೋನ ಹತ್ತಿರ ವಾದ ಮಾಡಿ ಏನು ಪ್ರಯೋಜನ? ಒಳಗೆ ಹೋಗಿ, ಅದೇ ರೋಲು ಹಿಡಿದುಕೊಂಡು ಹೊರಗೆ ಬಂದು, "ಹಾಡಿನದೇ ಸಿಕ್ತು" ಅಂದೆ. ಖುಷಿಯಾಗಿ ಕೂತ. ಫೋಟೋ ಚೆನ್ನಾಗೇ ಬಂತು. ಹದಿನೈದು ದಿನಕ್ಕೆ ಮುಖ ಗಂಟು ಹಾಕಿಕೊಂಡು ವಾಪಸ್ ಬಂದ. ಹೆಣ್ಣಿನ ಕಡೆಯವರು ಒಲ್ಲೆ ಅಂದಿದ್ದರಂತೆ. ಫೋಟೋನ ಮೇಜಿನ ಮೇಲೆ ಇಟ್ಟು, "ನಿಮ್ಮನ್ನ ನಂಬಿ ಕೆಟ್ಟೆ. ಸರಿಯಾಗಿ ನೋಡ್ರಿ, ಇದು ವಿಲನ್‌ಗೆ ಹಾಕಿದ ರೀಲೇ!" ಅಂದ.

ಎರಡು ಕಂಬಳಿ

ಇನ್ನೊಂದು ಸಲ ಬೆಂಗಳೂರಿನಿಂದ ಡಬ್ಬಿ ತಗೊಂಡು, ದಾವಣಗೆರೆಗೆ ರೈಲಿನಲ್ಲಿ ಬಂದು ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬರ್ತಿದ್ದೆ. ದಾರಿಯಲ್ಲಿ ಅಬಕಾರಿಯವರು ಬಸ್ಸು ನಿಲ್ಲಿಸಿದರು. ಯಾರೋ ಗಾಂಜಾ ಸಾಗಿಸ್ತಾರೆ ಅಂತ ಸುದ್ದಿಯಂತೆ. ಟೇಪು ಸುತ್ತಿದ ತಗಡಿನ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು, ಅದನ್ನ ಮಗು ಎತ್ತಿಕೊಂಡಂಗೆ ತಬ್ಬಿಕೊಂಡು ಕೂತೋನು ಇಡೀ ಬಸ್ಸಿನಲ್ಲಿ ನಾನೊಬ್ಬನೇ.

"ಬಿಚ್ರಿ ಅದನ್ನ" ಅಂದರು ಆಫೀಸರ್.

"ಸಾರ್, ನಿಮ್ಮ ಕಾಲು ಹಿಡೀತೀನಿ. ಫೋಟೋ ರೀಲು ಅದು. ಬೆಳಕು ಬಿದ್ರೆ ಅಷ್ಟೂ ಹಾಳು."

"ನೋಡದೇ ಬಿಡಾಕೆ ಆಗಲ್ಲಪ್ಪ. ನನ್ನ ಕೆಲಸ ಅದು."

"ಬೆಳಕಿನಾಗೆ ನೋಡಾಕೆ ಆಗಲ್ಲ ಸಾರ್. ಕತ್ತಲಿನಾಗೆ ಮುಟ್ಟಿ ನೋಡಬಹುದು."

ಆ ಮನುಷ್ಯ ಒಳ್ಳೆಯವರು. ಯೋಚನೆ ಮಾಡಿದರು. ಅದೇ ಬಸ್ಸಿನಲ್ಲಿ ಬಿಳಿಚೋಡಿನ ಕಂಬಳಿ ವ್ಯಾಪಾರದವನೊಬ್ಬ ಚನ್ನಗಿರಿ ಸಂತೆಗೆ ಹೊರಟಿದ್ದ. ಅವನ ಗಂಟಿನಿಂದ ಎರಡು ಕರೇ ಕಂಬಳಿ ಇಸಗೊಂಡರು. ರಸ್ತೆ ಪಕ್ಕದಲ್ಲಿದ್ದ ಅಬಕಾರಿಯವರ ಕೋಣೆಗೆ ಹೋಗಿ, ಕಿಟಕಿ ಬಾಗಿಲು ಮುಚ್ಚಿ, ನೆಲದ ಮೇಲೆ ಕೂತು, ಇಬ್ಬರೂ ಒಟ್ಟಿಗೆ ಕಂಬಳಿ ಹೊದ್ದೆವು. ಒಳಗೆ ಬೇಸಿಗೆಯ ಮಧ್ಯಾಹ್ನದ ಸೆಖೆ, ಕುರಿ ಉಣ್ಣೆಯ ವಾಸನೆ. ನಾನು ಮುಚ್ಚಳ ತೆಗೆದೆ. ಅವರು ಬೆರಳು ಆಡಿಸಿ, "ಹೌದಪ್ಪ, ರೀಲೇ" ಅಂದರು. ಮುಚ್ಚಳ ಹಾಕಿ ಹೊಸ ಟೇಪು ಸುತ್ತಿದೆ. ಅಬ್ಬಾ, ಹೋದ ಜೀವ ಬಂದಂಗಾಯ್ತು.

ಅಷ್ಟರಲ್ಲಿ ತಡ ಯಾಕಾಯ್ತು ಅಂತ ನೋಡಾಕೆ ಕಂಡಕ್ಟರ್ ಬಾಗಿಲು ತಳ್ಳಿದ. ಅವನ ಹಿಂದೆ ಅರ್ಧ ಬಸ್ಸು ನಿಂತಿತ್ತು. ಬೇಸಿಗೆಯಲ್ಲಿ ಬೆವರು ಸುರಿಸ್ತಾ ಎರಡು ಕಂಬಳಿಯೊಳಗೆ ಕೂತ ಇಬ್ಬರು ಗಂಡಸರನ್ನ ನೋಡಿ, "ಏನಾಗೈತಪ್ಪ ಇವರಿಗೆ?" ಅಂತ ಕೇಳಿದಳು ಒಬ್ಬ ಅಜ್ಜಿ.

"ಚಳಿಜ್ವರ ಕಣಜ್ಜಿ" ಅಂದ ಕಂಡಕ್ಟರ್. "ಒಬ್ಬನಿಗೆ ಇತ್ತು, ಚೆಕ್ ಮಾಡಾಕೆ ಹೋಗಿ ಸಾಹೇಬ್ರಿಗೂ ಹತ್ತಿಬಿಡ್ತು."

ನಿಂತುಹೋಯ್ತಂತೆ

ಎಂಬತ್ತರ ದಶಕ ಬಂತು. ಸಿನಿಮಾ ಎಲ್ಲಾ ಬಣ್ಣಕ್ಕೆ ತಿರುಗಿದವು. ಕಪ್ಪು ಬಿಳುಪಲ್ಲಿ ಶೂಟಿಂಗ್ ಮಾಡೋರೇ ಇಲ್ಲ ಅಂದ ಮೇಲೆ ತುಂಡು ಎಲ್ಲಿ ಉಳೀತದೆ? ಬೆಂಗಳೂರಿಗೆ ಹೋದಾಗ ಏಜೆಂಟ್ ಒಂದು ಡಬ್ಬಿ ಕೈಗಿಟ್ಟು, "ಇದೇ ಕೊನೇದು. ಈ ಮಾಲನ್ನ ಕಂಪನಿಯವರೇ ನಿಲ್ಲಿಸಿಬಿಟ್ಟರು. ಇನ್ನು ನನ್ನ ಹತ್ತಿರ ಬರಬೇಡಿ" ಅಂದ.

ಕಪ್ಪು ಬಿಳುಪಾದರೆ ನನ್ನ ಕೋಣೆಯಲ್ಲೇ ತೊಳೀತಿದ್ದೆ, ನಾನೇ ಪ್ರಿಂಟ್ ಹಾಕ್ತಿದ್ದೆ. ಬಣ್ಣದ್ದು ತೊಳೆಯಾಕೆ ಬೆಂಗಳೂರಿಗೇ ಕಳಿಸಬೇಕು. ಒಳ್ಳೇ ಕ್ಯಾಮೆರಾ ಬೇಕು, ಹೊಸ ವಿದ್ಯೆ ಬೇಕು. ನನಗೋ ವಯಸ್ಸು ನಲವತ್ತು ದಾಟಿತ್ತು. ಅಂಗಡಿಗೆ ಬೀಗ ಹಾಕೋದೊಂದೇ ದಾರಿ ಅನ್ನಿಸಿತು. ನಿಜ ಹೇಳ್ತೀನಿ, ಆ ವಾರ ಸರಿಯಾಗಿ ಊಟ ಸೇರಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿ, ಸಾವಿನ ಮನೆಗೆ ಬಂದಂಗೆ ಜನ ಬರಾಕೆ ಹತ್ತಿದರು. ಹೋಟೆಲಿನವರು ಕೇಳದೇ ಕಾಫಿ ಕಳಿಸಿದರು. ಒಬ್ಬ ಮೇಷ್ಟ್ರು ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಬಣ್ಣದ ರೀಲೇ ಹಾಕಿ, ಜನರಿಗೆ ಕರೇದು ಬಿಳೇದು ಬಟ್ಟೆ ಹಾಕ್ಕಂಡು ಬನ್ನಿ ಅಂತ ಹೇಳಿದ್ರೆ ಹೆಂಗೆ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ಬಾಯಿ ತೆಗೆಯೋದರೊಳಗೆ ಪಕ್ಕದ ಸಾಹೇಬ್ರು ಗಾಜು ಒರೆಸ್ತಾ ಅಂದರು:

"ಅಷ್ಟೆಲ್ಲಾ ಯಾಕ್ರೀ ಮೇಷ್ಟ್ರೇ? ಕೋರ್ಟಿನ ಮುಂದೆ ಅಂಗಡಿ ಹಾಕಲಿ ಬಿಡ್ರಿ. ವಕೀಲರು ಹೆಂಗೂ ಕಪ್ಪು ಬಿಳುಪೇ ಇರ್ತಾರೆ."

ಹೊನ್ನಾಳಿಯ ಬಣ್ಣ

ಅಷ್ಟರಲ್ಲಿ ಹೊನ್ನಾಳಿಯ ಒಂದು ಅಡಿಕೆ ವ್ಯಾಪಾರದ ಮನೆಯಿಂದ ಕರೆ ಬಂತು. ದೊಡ್ಡ ಕುಟುಂಬ, ದೊಡ್ಡಪ್ಪನಿಂದ ಹಿಡಿದು ಮೊಮ್ಮಕ್ಕಳ ತನಕ ಒಟ್ಟಿಗೆ ಬಣ್ಣದ ಫೋಟೋ ಬೇಕಂತೆ. ದಾವಣಗೆರೆಯ ಒಬ್ಬ ಗೆಳೆಯನಿಂದ ಬಣ್ಣದ ರೋಲು ಇಸಗೊಂಡು, ದೇವರ ಮೇಲೆ ಭಾರ ಹಾಕಿ ಹೋದೆ.

ಭರ್ಜರಿ ಊಟ, ಊಟ ಆದ ಮೇಲೆ ಎಲೆ ಅಡಿಕೆ. ಅಡಿಕೆಯವರ ಮನೆ ಅಂದ ಮೇಲೆ ಕೇಳಬೇಕೆ? ಗಂಡಸರು, ಹೆಂಗಸರು, ಹಲ್ಲಿಲ್ಲದ ಮುದುಕಿಗೆ ಕುಟ್ಟಿ ಕೊಟ್ಟಿದ್ದು, ಎಲ್ಲರ ಬಾಯಲ್ಲೂ ಎಲೆ ಅಡಿಕೆ. ನಾನು ಹಳೇ ಚಟಕ್ಕೆ "ಎಲ್ಲಾ ನಗ್ರೀ" ಅಂದೆ. ಬಾಯಿ ತುಂಬ ನಕ್ಕರು.

ಬೆಂಗಳೂರಿನಿಂದ ಪ್ರಿಂಟ್ ಬಂತು. ಲಕೋಟೆ ಬಿಚ್ಚಿ ನೋಡಿ ನಾನೇ ಹಿಂದಕ್ಕೆ ಸರಿದೆ. ಮೂವತ್ತು ಕೆಂಪು ಬಾಯಿ! ಸೀರೆ ಬಣ್ಣ, ರುಮಾಲು ಬಣ್ಣ, ಯಾವುದೂ ಕಣ್ಣಿಗೇ ಬೀಳಲ್ಲ. ಕಪ್ಪು ಬಿಳುಪಲ್ಲಿ ಇಷ್ಟು ವರ್ಷ ಈ ಗುಟ್ಟು ಯಾರಿಗೂ ಗೊತ್ತಾಗಿರಲಿಲ್ಲ. ಒಯ್ದು ಕೊಟ್ಟೆ. ಹೊಡೀತಾರೆ ಅಂತಲೇ ಬಾಗಿಲ ಹತ್ತಿರ ನಿಂತಿದ್ದೆ. ಮನೆಯ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ ಅಂದರು:

"ಬಣ್ಣ ಹಾಕಿಸ್ತೀವಿ ಅಂದ್ರೆ ನೀವು ಎಲ್ಲಾ ಬಾಯಾಗೇ ಸುರಿದೀರಲ್ರೀ! ನಮಗೆ ಇದು ಬ್ಯಾಡ. ನಮ್ಮ ಹುಡುಗನ ಮದುವೆ ಐತೆ ನ್ಯಾಮತಿಯಾಗೆ. ಅದಕ್ಕೆ ನಿಮ್ಮ ಹಳೇ ಕಪ್ಪು ಬಿಳುಪೇ ತಗಂಬರ್ರಿ. ಅದಕ್ಕೆ ಮರ್ಯಾದೆ ಗೊತ್ತೈತೆ."

ಜಗಳೂರಿನಲ್ಲಿ ಒಂದೇ ಒಂದು

ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಅವತ್ತೇ ತೀರ್ಮಾನ ಮಾಡಿದೆ. ಕೊನೇ ಡಬ್ಬಿ ಆ ಮದುವೆಗೇ ಮೀಸಲು. ಹೊನ್ನಾಳಿಯ ಗಂಡು, ನ್ಯಾಮತಿಯ ಹೆಣ್ಣು, ಎರಡೂ ಕಡೆ ದೊಡ್ಡ ಬಳಗ. ಅವರು ಮೆಚ್ಚಿದರೆ ಆ ಸೀಮೆಯ ಮದುವೆಗಳೆಲ್ಲ ನನ್ನ ಕೈಗೆ ಬರ್ತಾವೆ, ಆ ಧೈರ್ಯದ ಮೇಲೆ ನಿಧಾನಕ್ಕೆ ಬಣ್ಣದ ಕೆಲಸ ಕಲೀಬಹುದು. ಕೆಟ್ಟರೆ ಬೀಗವೇ ಗತಿ. ಡಬ್ಬಿಯನ್ನ ಅಡಿಗೆಮನೆ ಅಟ್ಟದ ಮೇಲೆ ಇಟ್ಟು, "ಯಾರೂ ಮುಟ್ಟಬೇಡಿ, ಇದೇ ನಮ್ಮ ಅನ್ನ" ಅಂತ ಎಲ್ಲರಿಗೂ ಹೇಳಿದೆ.

ಡಬ್ಬಿ ಮುಟ್ಟೋಹಂಗಿಲ್ಲ ಅಂದ ಮೇಲೆ ಉಳಿದ ಚೂರುಪಾರು ರೋಲಿನಲ್ಲೇ ದಿನ ದೂಡಬೇಕಲ್ಲ. ಜಗಳೂರಿನ ಒಂದು ಆಫೀಸಿನಲ್ಲಿ ಸಾಹೇಬರೊಬ್ಬರು ರಿಟೈರ್ ಆಗ್ತಿದ್ದರು. ಬೀಳ್ಕೊಡುಗೆ ಗ್ರೂಪ್ ಫೋಟೋಕ್ಕೆ ಹೋದೆ. ಕ್ಯಾಮೆರಾದಲ್ಲಿ ಉಳಿದಿದ್ದು ಒಂದೇ ಒಂದು ಫೋಟೋಗೆ ಆಗೋಷ್ಟು. ಆ ಆಫೀಸಿನವರೋ, ಮಧ್ಯಾಹ್ನದ ಊಟ ಮಾಡಿ ಬಂದು ಸಾಲಾಗಿ ಕೂತು ತೂಕಡಿಸ್ತಿದ್ದರು. ಫ್ಲಾಶ್ ಹೊಡೆದರೆ ಅರ್ಧ ಜನ ಕಣ್ಣು ಮುಚ್ಚೋದು ಖಂಡಿತ.

"ಎಲ್ಲಾ ಕಣ್ಣು ಮುಚ್ಚಿಕೊಳ್ರಿ" ಅಂದೆ. ಅದನ್ನ ಮಾತ್ರ ತಕ್ಷಣ ಮಾಡಿದರು. "ನಾನು ಹೂಂ ಅಂದ ಕೂಡಲೇ ಬಿಡಬೇಕು. ಹೂಂ!"

ಫೋಟೋ ತೊಳೆದು ನೋಡ್ತೀನಿ, ಒಬ್ಬರೂ ಕಣ್ಣು ಮುಚ್ಚಿಲ್ಲ. ಆದರೆ ಅಷ್ಟೂ ಜನ ದೆವ್ವ ಕಂಡಂಗೆ ಗುಡ್ಡೆ ಹೊರಗೆ ಬರೋಹಂಗೆ ಬಿಟ್ಟಿದ್ದಾರೆ. ಬೈಗುಳಕ್ಕೆ ತಯಾರಾಗೇ ಆ ರಿಟೈರಾದ ಸಾಹೇಬರ ಮನೆಗೆ ಹೋದೆ. ಅವರು ಫೋಟೋನ ಎರಡೂ ಕೈಯಲ್ಲಿ ಹಿಡಿದು ಅಂದರು:

"ಬಾಳ ಉಪಕಾರ ಆಯ್ತಪ್ಪ. ನನ್ನ ಇಡೀ ಸರ್ವೀಸಿನಾಗೆ ಇವರೆಲ್ಲಾ ಒಟ್ಟಿಗೆ ಕಣ್ಣು ಬಿಟ್ಟು ಕೂತಿದ್ದನ್ನ ಇವತ್ತೇ ನೋಡಿದ್ದು."

ಅರ್ಧರ್ಧ ಕುರ್ಚಿ

ನ್ಯಾಮತಿಯ ಮದುವೆ ಬಂತು. ಡಬ್ಬಿಯೊಂದೇ ಇಡೀ ಮದುವೆಗೆ ಸಾಲಲ್ಲ ಅಂತ, ಧಾರೆ, ತಾಳಿಗೆಲ್ಲ ದಾವಣಗೆರೆಯ ಅಂಗಡಿಯಲ್ಲಿ ದುಬಾರಿ ಬೆಲೆಗೆ ಹೆಂಗೋ ಸಿಕ್ಕ ಒಂದು ಕಪ್ಪು ಬಿಳುಪು ರೋಲು ಹಾಕಿದೆ. ಊಟದ ನಂತರದ ಗ್ರೂಪ್ ಫೋಟೋಗಳಿಗೆ ಅಂತ ಹಿಂದಿನ ದಿನವೇ ಕೊನೇ ಡಬ್ಬಿ ತೆಗೆದು, ಕತ್ತಲಲ್ಲಿ ಕತ್ತರಿಸಿ ರೋಲು ಮಾಡಿಕೊಂಡಿದ್ದೆ. ಕತ್ತರಿಸುವಾಗ ಎಲ್ಲಿಂದಲೋ ಜೀರಿಗೆ ವಾಸನೆ ಬಂತು. ಅಡಿಗೆಮನೆಯದಿರಬೇಕು ಅಂತ ಸುಮ್ಮನಾದೆ.

ಗ್ರೂಪ್ ಫೋಟೋ ಅಂದ್ರೆ ಮದುವೆ ಮನೆಯಲ್ಲಿ ಅಸಲೀ ಪರೀಕ್ಷೆ. ಯಾರು ಕುರ್ಚಿಯ ಮೇಲೆ, ಯಾರು ಹಿಂದೆ ನಿಂತಿದ್ದು, ಅದರ ಮೇಲೆ ಎಷ್ಟೋ ವರ್ಷ ಮಾತು ಬಿಟ್ಟವರಿದ್ದಾರೆ. ಅವತ್ತು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕಮ್ಮಿ ಬಿತ್ತು. ಮದುಮಕ್ಕಳ ಪಕ್ಕ ಉಳಿದಿದ್ದು ಒಂದೇ ಮಡಚೋ ಕುರ್ಚಿ. ಅದಕ್ಕೆ ಹೆಣ್ಣಿನ ಸೋದರಮಾವ ಆ ಕಡೆಯಿಂದ ಬಂದರು, ಗಂಡಿನ ದೊಡ್ಡಪ್ಪ ಈ ಕಡೆಯಿಂದ ಬಂದರು. ದೊಡ್ಡಪ್ಪ ಅಂದ್ರೆ ಅದೇ ಕೆಂಪು ಬಾಯಿ ಫೋಟೋದವರು. ಇಬ್ಬರೂ ಒಳ್ಳೇ ಗಟ್ಟಿ ಆಳುಗಳು.

"ಬರ್ರಿ, ನೀವು ಕೂಡ್ರಿ" ಅಂದರು ಸೋದರಮಾವ, ಕೂತುಕೊಳ್ತಾ.

"ಛೇ ಛೇ, ನೀವು ಕೂಡ್ರಿ" ಅಂದರು ದೊಡ್ಡಪ್ಪ, ಅವರೂ ಕೂತುಕೊಳ್ತಾ.

ಅರ್ಧ ಕುರ್ಚಿ ಅವರಿಗೆ, ಅರ್ಧ ಇವರಿಗೆ. ಇಬ್ಬರ ಮುಖದಲ್ಲೂ ನಗು, ಕೆಳಗೆ ತಳ್ಳಾಟ. ಬೇರೆ ಕುರ್ಚಿ ತರಿಸ್ತೀವಿ ಅಂದರೂ ಏಳಲಿಲ್ಲ. ಎದ್ದವನು ಸೋತಂಗಲ್ವಾ? ನಾನು ಕಣ್ಣಿಗೆ ಕ್ಯಾಮೆರಾ ಹಿಡಿದು "ರೆಡೀ" ಅಂದೆ. ಕುರ್ಚಿ ಪಟಾರ್ ಅಂತ ಮಡಚಿಕೊಂಡುಬಿಡ್ತು! ಇಬ್ಬರೂ ಒಬ್ಬರ ಮೇಲೊಬ್ಬರು, ಎಂಟು ದಿಕ್ಕಿಗೆ ಕೈಕಾಲು, ಒಬ್ಬರ ರುಮಾಲು ಇನ್ನೊಬ್ಬರ ತಲೆಯ ಮೇಲೆ. ಮದುಮಗಳು ಬಾಸಿಂಗ ಜಾರೋ ತನಕ ನಕ್ಕಳು. ನನ್ನ ಬೆರಳು ಮಾತ್ರ ಚಟಕ್ಕೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಫ್ಲಾಶ್ ಬಿದ್ದಿದ್ದನ್ನ ಇಬ್ಬರೂ ಬಿದ್ದಲ್ಲಿಂದಲೇ ನೋಡಿದರು. ಆಮೇಲೆ ಉಳಿದ ಗ್ರೂಪುಗಳನ್ನೂ ಅದೇ ರೋಲಿನಲ್ಲಿ ಮುಗಿಸಿದೆ, ಆ ಇಬ್ಬರು ಮಾತ್ರ ಮತ್ತೆ ಕ್ಯಾಮೆರಾ ಮುಂದೆ ಬರಲಿಲ್ಲ.

ಊರಿಗೆ ಬಂದು ತೊಳೆದೆ. ಧಾರೆಯ ರೋಲು ಬಂಗಾರದಂಗೆ ಬಂತು. ಗ್ರೂಪಿನ ರೋಲು ಎತ್ತಿ ಹಿಡಿದರೆ ಆ ತುದಿಯಿಂದ ಈ ತುದಿ ತನಕ ಕರ್ರಗೆ. ಒಂದು ಮುಖ ಇಲ್ಲ, ಒಂದು ಮೂಗಿಲ್ಲ. ಅಟ್ಟಕ್ಕೆ ಓಡಿದೆ.

"ಅವ್ವಾ, ಈ ಡಬ್ಬಿ ಯಾರಾದ್ರೂ ಮುಟ್ಟಿದ್ರೇನು?"

"ಯಾರು ಮುಟ್ತಾರೆ? ನಾನಿಲ್ವಾ ಕಾಯಾಕೆ?"

"ಮತ್ತೆ ಹಿಂಗೆ ಹೆಂಗಾತು?"

"ಹೆಂಗಾಗ್ತದೆ? ನೀನು ಜಗಳೂರಿಗೆ ಹೋಗಿದ್ಯಲ್ಲ, ನಿನ್ನ ಹೆಂಡ್ತಿನೂ ತವರಿಗೆ ಹೋಗಿದ್ಲು. ಅಟ್ಟ ಗುಡಿಸುವಾಗ ನೋಡಿದ್ರೆ ಡಬ್ಬಿ ಮುಗ್ಗಲು ವಾಸನೆ ಹೊಡೀತಿತ್ತು. ಅನ್ನ ಕೊಡೋ ವಸ್ತು, ಹಂಗೇ ಬಿಡಾಕಾಗ್ತದಾ? ಮಾಳಿಗೆ ಮ್ಯಾಲೆ ಸಂಡಿಗೆ ಹಾಕಿದ್ದೆ, ಅದರ ಪಕ್ಕದಾಗೆ ಇದನ್ನೂ ಬಿಡಿಸಿ ಹಾಕಿದೆ. ಎರಡೂ ಮಗ್ಗಲು ತಿರುವಿ ಒಣಗಿಸಿ, ಮೊದಲಿನಂಗೇ ಸುತ್ತಿ ಡಬ್ಬಿಗಿಟ್ಟು ಟೇಪು ಹಚ್ಚೀನಿ. ಒಂದು ಕಾಗೆ ಮುಟ್ಟಾಕೆ ಬಿಟ್ಟಿಲ್ಲ ನೋಡು!"

ಅವ್ವನ ಮೇಲೆ ಕೂಗಾಡಾಕೂ ಆಗಲಿಲ್ಲ. ಅಷ್ಟು ಪ್ರೀತಿಯಿಂದ ಒಣಗಿಸಿದ್ದಳು. ಅಂಗಡಿಗೆ ಬಂದು ಸಾಹೇಬ್ರ ಮುಂದೆ ಕೂತೆ. "ಸಾಹೇಬ್ರೇ, ನಮ್ಮ ಕಥೆ ಮುಗೀತು. ಎರಡೂ ಬಳಗ ಸೇರಿ ನನ್ನ ಚರ್ಮ ಸುಲೀತಾರೆ" ಅಂದೆ. ಕಣ್ಣಲ್ಲಿ ನೀರೇ ಬಂದಿತ್ತು. "ಇದ್ದಿದ್ದು ಇದ್ದಂಗೆ ಹೇಳಿಬಿಡ್ರಿ. ಅಲ್ಲಾ ನೋಡ್ಕಂತಾನೆ" ಅಂದರು ಅವರು.

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯೋದರೊಳಗೆ ಹೆಣ್ಣಿನ ಸೋದರಮಾವ ನಿಂತಿದ್ದಾರೆ! ನ್ಯಾಮತಿಯಿಂದ ಮೊದಲನೇ ಬಸ್ಸಿಗೇ ಬಂದಿದ್ದಾರೆ.

"ಆ ಗ್ರೂಪ್ ಫೋಟೋ…" ಅಂತ ಶುರು ಮಾಡಿದರು.

ನಾನು ಕೈ ಮುಗಿದೆ. "ಕ್ಷಮಿಸಬೇಕು ಸ್ವಾಮಿ. ಅಷ್ಟೂ ಹಾಳಾಗ್ಯಾವೆ. ಒಂದೂ ಉಳಿದಿಲ್ಲ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಾನು ಬಾಯಿ ಬಿಟ್ಟು ಕೇಳೋ ಮೊದಲೇ ತಿಳ್ಕಂಡ್ರಲ್ರೀ! ದೊಡ್ಡ ಮನುಷ್ಯರು ನೀವು."

"ಅಲ್ಲ ಸ್ವಾಮಿ, ನಿಜವಾಗ್ಲೂ ಹಾಳಾಗ್ಯಾವೆ. ನಮ್ಮವ್ವ ಸಂಡಿಗೆ ಜೊತೆ ಬಿಸಿಲಿಗೆ ಹಾಕಿ…"

"ಆಹಾ! ಸಂಡಿಗೆ! ಎಂಥಾ ಕಥೆ ಕಟ್ಟೀರಿ! ಇದನ್ನೇ ಹೇಳ್ರಿ ಎಲ್ಲರ ಮುಂದೆ. ಹಿಂಗೇ ಅಳು ಮುಖ ಮಾಡ್ಕಂಡು ಹೇಳಬೇಕು ಮತ್ತೆ."

ರೀಲು ತೋರಿಸಿದೆ. ಕರ್ರಗಿದ್ದದ್ದನ್ನ ನೋಡಿ ಅವರಿಗೆ ಇನ್ನೂ ಗೌರವ ಹೆಚ್ಚಾಯ್ತು. "ಸುಟ್ಟಂಗೆ ಮಾಡಿಬಿಟ್ಟೀರಲ್ರೀ, ನನ್ನ ಮಾನ ಉಳಿಸಾಕೆ!" ಅಂತ ಹೇಳಿ, ತಂದಿದ್ದ ಬಾಳೆಗೊನೆ ಇಳಿಸಿ ಹೋದರು.

ನಾನಿನ್ನೂ ಬಾಳೆಗೊನೆ ನೋಡ್ತಾ ನಿಂತಿದ್ದೆ, ಹೊನ್ನಾಳಿಯ ದೊಡ್ಡಪ್ಪ ಬಂದರು. ಬಾಗಿಲು ಓರೆ ಮಾಡಿದರು. "ನೋಡಪ್ಪ, ಆ ಫೋಟೋ ಹೊರಗೆ ಬಂದ್ರೆ ನಾನು ಊರಾಗೆ ತಲೆ ಎತ್ತಿ ತಿರುಗಾಕೆ ಆಗಲ್ಲ. ಏನಾದ್ರೂ ಮಾಡಿ ಹಾಳಾಯ್ತು ಅಂದುಬಿಡು."

"ಯಜಮಾನ್ರೇ, ಹಾಳಾಗೇಬಿಟ್ಟೈತೆ!"

"ಭಲೇ! ಇದು ಮಾತು ಅಂದ್ರೆ!" ಅಂತ ಬೆನ್ನು ತಟ್ಟಿದರು.

ಅವರು ಹೋದ ಮೇಲೆ ಸಾಹೇಬ್ರು ಬಂದು, ಬಾಳೆಹಣ್ಣು ಸುಲಿದುಕೊಂಡು, ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಾಕೆ ಅರ್ಧ ಗಂಟೆ ಬೇಕಾಯ್ತು. ಧಾರೆಯ ಫೋಟೋ ನೋಡಿ ಎರಡೂ ಮನೆ ಖುಷಿ, ಗ್ರೂಪ್ ಫೋಟೋ ಇಲ್ಲ ಅಂತ ಇನ್ನೂ ಖುಷಿ. ಅಂಗಡಿ ಉಳೀತು. ಒಂದಾದ ಮೇಲೊಂದು ಮದುವೆ ಬಂದವು. ಒಳ್ಳೇ ಕ್ಯಾಮೆರಾ ತಗೊಂಡೆ, ಬಣ್ಣದ ಕೆಲಸ ಕಲಿತೆ. ತೊಳೆಯೋದೆಲ್ಲ ಬೆಂಗಳೂರಿನವರ ತಲೆನೋವು. ಕತ್ತಲೆ ಕೋಣೆಯಲ್ಲಿ ಅವ್ವ ಸಂಡಿಗೆ ಡಬ್ಬಿ ಇಟ್ಟುಕೊಂಡಳು.

ಒಂದು ವರ್ಷ ಆಗಿರಬೇಕು. ಹೊನ್ನಾಳಿ ಕಡೆಯ ಒಬ್ಬ ಯಜಮಾನರು ಮಗಳ ಮದುವೆ ಮಾತಾಡಾಕೆ ಬಂದರು. ದೊಡ್ಡಪ್ಪನೇ ಕಳಿಸಿದ್ದಂತೆ.

"ಧಾರೆಗೆ ಬಣ್ಣದ್ದು ಹಾಕ್ರಿ" ಅಂದರು. ಆಮೇಲೆ ಆಚೆ ಈಚೆ ನೋಡಿ, ದನಿ ತಗ್ಗಿಸಿದರು. "ಗ್ರೂಪ್ ಫೋಟೋಕ್ಕೆ ಮಾತ್ರ ನಿಮ್ಮ ಹಳೇ ರೀಲು ಐತಂತಲ್ಲ, ಏನೂ ಮೂಡದೇ ಇರೋದು, ಅದನ್ನ ಹಾಕಿಬಿಡ್ರಿ. ನಮ್ಮ ಬೀಗರು ಜಗಳಗಂಟರು."

"ಅದು ಈಗ ಸಿಗಲ್ಲ ಯಜಮಾನ್ರೇ" ಅಂದೆ. "ಕಂಪನಿಯವರು ಮಾಡೋದನ್ನೇ ನಿಲ್ಲಿಸಿಬಿಟ್ರು."

ಪಾಪ, ಅವರ ಮುಖ ಬಾಡಿಹೋಯ್ತು. ದೊಡ್ಡದೊಂದು ಉಸಿರು ಬಿಟ್ಟು ಅಂದರು:

"ಥೂ ಇವರ! ಜನಕ್ಕೆ ಉಪಯೋಗ ಆಗೋ ಮಾಲನ್ನೇ ನೋಡಿ ನಿಲ್ಲಿಸ್ತಾರೆ ನೋಡ್ರಿ!"